ಮಣ್ಣೊಳಗಿದ್ದುದೆಲ್ಲ ಕಂದಮೂಲವೇ?
(ವ್ರತಧಾರಿಗಳಿಗೆ ಸಸ್ಯಾಂಗಗಳ ಪರಿಚಯ)



ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವವು ಸಮೀಪಿಸುತ್ತಿದ್ದಂತೆ ನಮ್ಮ ಮನೆಗಳಲ್ಲಿ ನಿಯಮಗಳ ಮಾತು ಮೊದಲಾಗುತ್ತದೆ. ಒಬ್ಬರು ಏಕಾಶನವನ್ನು, ಮತ್ತೊಬ್ಬರು ರಸತ್ಯಾಗವನ್ನು, ಇನ್ನೊಬ್ಬರು ಹಸಿರು ತರಕಾರಿಯ ತ್ಯಾಗವನ್ನು ಕೈಗೊಳ್ಳುತ್ತಾರೆ. ಕಂದಮೂಲ ತ್ಯಾಗವಂತೂ ಬಹುಮಂದಿ ಶ್ರಾವಕರಿಗೆ ಜೀವನಪರ್ಯಂತದ ನಿಯಮವೇ ಆಗಿದೆ. ಆದರೆ ಯಾವುದು ಕಂದ, ಯಾವುದು ಮೂಲ, ಯಾವುದು ಇವೆರಡೂ ಅಲ್ಲ ಎಂದು ಯಾರಾದರೂ ಕೇಳಿದರೆ, “ಮಣ್ಣೊಳಗೆ ಬೆಳೆಯುವುದೆಲ್ಲ ಕಂದಮೂಲ” ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಈ ಉತ್ತರವು ಅರ್ಧ ಮಾತ್ರ ಸರಿ. ಉಳಿದರ್ಧವು ತಪ್ಪಾಗಿರುವುದರಿಂದ ಎಂತಹ ತೊಡಕು ಉಂಟಾಗುವುದೆಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳುವೆನು.

ಗುಂಡ್ಲುಪೇಟೆಯ ಕಡೆ ನಮ್ಮ ಬಂಧುವರ್ಗದ ಒಂದು ಮನೆ. ಆ ಮನೆಯ ಹಿರಿಯ ಶ್ರಾವಿಕೆಯವರು ಮೂವತ್ತು ವರ್ಷಗಳಿಂದ ಕಡಲೆಕಾಯಿಯನ್ನು ಮುಟ್ಟಿದವರಲ್ಲ. ಅದು ನೆಲದೊಳಗಿನ ಗೆಡ್ಡೆಯೆಂಬುದು ಅವರ ದೃಢವಾದ ನಂಬಿಕೆ. ಕಿರಿಯ ಸೊಸೆ ಬಾಣಂತಿಯಾಗಿದ್ದಾಗ, ಮೈಯಲ್ಲಿ ಶಕ್ತಿ ಸಾಲದೆಂದು ವೈದ್ಯರು ಕಡಲೆಬೀಜ, ಬೆಲ್ಲ ತಿನ್ನಲು ಹೇಳಿದರು. ಅತ್ತೆಯವರು ಅದನ್ನು ಅಡುಗೆಮನೆಯ ಹೊಸ್ತಿಲು ದಾಟಿಸಲು ಒಪ್ಪಲಿಲ್ಲ. ಸೊಸೆ ಎದುರುತ್ತರ ಕೊಡಲಿಲ್ಲ. ಆದರೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಹಿರಿಯ ಮೊಮ್ಮಗ ಒಂದು ದಿನ ಹೊಲದಿಂದ ಬೇರುಸಹಿತ ಒಂದು ಕಡಲೆಕಾಯಿ ಗಿಡವನ್ನು ಕಿತ್ತುತಂದು ಜಗಲಿಯ ಮೇಲೆ ಹರಡಿ, “ಅಜ್ಜಿ, ಇಲ್ಲಿ ನೋಡಿ. ಬೇರು ಬೇರೆ ಇದೆ, ಕಾಯಿ ಬೇರೆ ಇದೆ” ಎಂದನು. ಅಜ್ಜಿಯವರು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತರು. ಆ ಬಳಿಕ ಅವರು ಕೈಗೊಂಡ ನಿರ್ಣಯವನ್ನು ಲೇಖನದ ಕೊನೆಯಲ್ಲಿ ಹೇಳುವೆನು. ಅದಕ್ಕೆ ಮುನ್ನ ಆ ಬಾಲಕನು ಜಗಲಿಯ ಮೇಲೆ ಆರಂಭಿಸಿದ ಪಾಠವನ್ನು ನಾವೂ ಕ್ರಮವಾಗಿ ಕಲಿಯೋಣ.

ಶಾಸ್ತ್ರವು ಏನನ್ನು ನೋಡೆನ್ನುತ್ತದೆ?

ವನಸ್ಪತಿಕಾಯಿಕ ಜೀವಗಳು ಸಾಧಾರಣ, ಪ್ರತ್ಯೇಕ ಎಂದು ಎರಡು ಬಗೆ. ಒಂದೇ ಶರೀರವನ್ನು ಅನಂತ ಜೀವಗಳು ಆಶ್ರಯಿಸಿದ್ದರೆ ಅದು ಸಾಧಾರಣ. ಒಂದು ಶರೀರಕ್ಕೆ ಒಂದೇ ಜೀವವು ಸ್ವಾಮಿಯಾಗಿದ್ದರೆ ಅದು ಪ್ರತ್ಯೇಕ. ಪ್ರತ್ಯೇಕದಲ್ಲಿಯೂ ನಿಗೋದ ಜೀವಗಳು ಆಶ್ರಯಿಸಿರುವುದು ಸಪ್ರತಿಷ್ಠಿತ, ಆಶ್ರಯಿಸದಿರುವುದು ಅಪ್ರತಿಷ್ಠಿತ. ಇಷ್ಟನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಆದರೆ ಕಣ್ಣಿಗೆ ಕಾಣದ ನಿಗೋದ ಜೀವಗಳನ್ನು ಗೃಹಸ್ಥನು ಗುರುತಿಸುವುದೆಂತು?

ಈ ಪ್ರಶ್ನೆಗೆ ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಉತ್ತರವಿತ್ತಿದ್ದಾರೆ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಮೂರ್ತಿಯನ್ನು ಕಡೆಯಿಸಿದ ಚಾವುಂಡರಾಯನ ಗುರುಗಳಿವರು. ಕೇಶವವರ್ಣಿಗಳು ಈ ಗ್ರಂಥಕ್ಕೆ ಕನ್ನಡದಲ್ಲಿ ವೃತ್ತಿಯನ್ನು ರಚಿಸಿ 1359ರಲ್ಲಿ ಮುಗಿಸಿದರು. ಆದಕಾರಣ ಈ ವಿಷಯವು ಕನ್ನಡ ಶ್ರಾವಕರಿಗೆ ಆರು ಶತಮಾನಗಳಿಗೂ ಮಿಗಿಲಾಗಿ ತಾಯ್ನುಡಿಯಲ್ಲಿಯೇ ದೊರೆಯುತ್ತ ಬಂದಿದೆ.

ಆಚಾರ್ಯರು ಹೇಳುವ ಲಕ್ಷಣಗಳ ಸಾರಾಂಶವಿಷ್ಟು: ಯಾವುದರ ಸಿರೆ, ಸಂಧಿ, ಗೆಣ್ಣುಗಳು ಹೊರಗೆ ತೋರದೆ ಅಡಗಿರುವವೋ, ಯಾವುದು ಮುರಿದಾಗ ಕತ್ತರಿಸಿದಂತೆ ಸಮನಾಗಿ ಮುರಿಯುವುದೋ, ಮುರಿದ ತುಂಡುಗಳ ನಡುವೆ ಯಾವುದರಲ್ಲಿ ನಾರಿನ ಎಳೆ ಉಳಿಯದೋ, ಯಾವುದು ಕತ್ತರಿಸಿದರೂ ಮತ್ತೆ ಬೆಳೆಯುವುದೋ ಅದು ಸಪ್ರತಿಷ್ಠಿತ. ಇದಕ್ಕೆ ವಿಪರೀತವಾದುದು ಅಪ್ರತಿಷ್ಠಿತ. ಈ ಪರೀಕ್ಷೆಯನ್ನು ಅವರು ಕೇವಲ ಗೆಡ್ಡೆಗಳಿಗೆ ಸೀಮಿತಗೊಳಿಸಲಿಲ್ಲ. ಬೇರು, ಕಂದ, ತೊಗಟೆ, ಚಿಗುರು, ಕೊಂಬೆ, ಎಲೆ, ಹೂ, ಹಣ್ಣು, ಬೀಜ ಎಂಬ ಒಂಬತ್ತು ಅಂಗಗಳಿಗೂ ಅದನ್ನು ಅನ್ವಯಿಸಿದರು. ತೊಗಟೆಯ ದಪ್ಪವನ್ನೂ ತೆಳುವನ್ನೂ ನೋಡಬೇಕೆಂದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಈ ಲಕ್ಷಣಗಳಲ್ಲಿ ಎಲ್ಲಿಯೂ ಮಣ್ಣಿನ ಮಾತಿಲ್ಲ. ವಸ್ತುವು ನೆಲದ ಮೇಲಿದೆಯೇ ಕೆಳಗಿದೆಯೇ ಎಂಬುದನ್ನು ಬಿಟ್ಟು ಸಸ್ಯದ ದೇಹರಚನೆಯನ್ನೇ ನೋಡಿರೆಂದು ಆಚಾರ್ಯರು ಹೇಳಿದ್ದಾರೆ. ಇದು ಅವರ ದೂರದೃಷ್ಟಿ. ಆಲೂಗೆಡ್ಡೆ, ಸಿಹಿಗೆಣಸು, ಮರಗೆಣಸು, ಕಡಲೆಕಾಯಿ ಇವುಗಳ ತವರು ಅಮೆರಿಕ ಖಂಡ. 1498ರಲ್ಲಿ ಪೋರ್ಚುಗೀಸರು ಕಡಲ ಹಾದಿಯಿಂದ ನಮ್ಮ ನಾಡಿಗೆ ಬಂದ ಮೇಲೆಯೇ ಇವು ಇಲ್ಲಿ ಬೇರೂರಿದವು. ಪ್ರಾಚೀನ ಶ್ರಾವಕಾಚಾರಗಳಲ್ಲಿ ಇವುಗಳ ಹೆಸರನ್ನು ಹುಡುಕಿದರೆ ಸಿಗಲಾರದು. ಹೆಸರಿನ ಪಟ್ಟಿಯನ್ನು ಮಾತ್ರ ಬಾಯಿಪಾಠ ಮಾಡಿದವನು ಹೊಸ ವಸ್ತುವಿನ ಮುಂದೆ ನಿಂತು ತಡಬಡಿಸುವನು. ಲಕ್ಷಣವನ್ನು ಅರಿತವನು ಯಾವ ದೇಶದ ಗಿಡವನ್ನಾದರೂ ಪರೀಕ್ಷಿಸಬಲ್ಲನು.

ಬೇರು ಯಾವುದು, ಕಾಂಡ ಯಾವುದು?

ಸಸ್ಯಶಾಸ್ತ್ರದ ಮೊದಲ ಪಾಠವೂ ಇದೇ: ಇರುವ ಸ್ಥಳವನ್ನು ನೋಡಿ ಅಂಗವನ್ನು ನಿರ್ಧರಿಸಬಾರದು. ಕಾಂಡಕ್ಕೆ ಗೆಣ್ಣುಗಳಿರುತ್ತವೆ. ಪ್ರತಿ ಗೆಣ್ಣಿನಲ್ಲಿ ಒಂದು ಎಲೆ, ಅಥವಾ ಎಲೆ ಉದುರಿದ ಗುರುತು, ಅಥವಾ ಎಲೆಯು ಕುಗ್ಗಿ ಆದ ತೆಳು ಪೊರೆ ಇರುತ್ತದೆ. ಆ ಎಲೆಯ ಕಂಕುಳಲ್ಲಿ ಒಂದು ಮೊಗ್ಗು ಇರುತ್ತದೆ. ಬೇರಿಗಾದರೋ ಗೆಣ್ಣಿಲ್ಲ, ಎಲೆಯಿಲ್ಲ, ಕ್ರಮವಾಗಿ ಜೋಡಿಸಿದ ಮೊಗ್ಗುಗಳೂ ಇಲ್ಲ. ಅದರ ತುದಿಯಲ್ಲಿ ಮಣ್ಣನ್ನು ಭೇದಿಸುವಾಗ ರಕ್ಷಣೆ ನೀಡುವ ಟೊಪ್ಪಿಗೆಯಂತಹ ಕವಚವಿರುತ್ತದೆ; ತುದಿಗೆ ಸಮೀಪದಲ್ಲಿ ನೀರನ್ನು ಹೀರುವ ಸೂಕ್ಷ್ಮ ರೋಮಗಳಿರುತ್ತವೆ.

ಈ ಒಂದು ಸೂತ್ರವನ್ನು ಕೈಯಲ್ಲಿ ಹಿಡಿದು ಸಂತೆಯ ಚೀಲವನ್ನು ಬಿಚ್ಚಿದರೆ ಅನೇಕ ಭ್ರಮೆಗಳು ತಾವಾಗಿ ಕಳಚುವವು. ಆಲೂಗೆಡ್ಡೆಯ ಮೇಲಿನ ಕಣ್ಣುಗಳು ಮೊಗ್ಗುಗಳೇ ಆಗಿವೆ. ಆದುದರಿಂದ ಅದು ಬೇರಲ್ಲ, ನೆಲದೊಳಗೆ ಉಬ್ಬಿದ ಕಾಂಡ. ಸಿಹಿಗೆಣಸು, ಮರಗೆಣಸು, ಮೂಲಂಗಿ, ಗಜ್ಜರಿ, ಬೀಟ್ರೂಟುಗಳು ಆಹಾರವನ್ನು ಕೂಡಿಟ್ಟ ಬೇರುಗಳು. ಸುವರ್ಣಗೆಡ್ಡೆ, ಕೆಸವಿನ ಗೆಡ್ಡೆಗಳು ಗಿಡ್ಡಾಗಿ ದಪ್ಪನಾದ ಕಾಂಡಗಳು. ಶುಂಠಿ, ಅರಿಶಿನಗಳು ನೆಲದೊಳಗೆ ಅಡ್ಡಡ್ಡಲಾಗಿ ಹರಿಯುವ ಕಾಂಡಗಳು. ಅವುಗಳ ಮೈಮೇಲಿನ ಉಂಗುರದಂತಹ ಗೆರೆಗಳೇ ಗೆಣ್ಣುಗಳು. ನವಿಲುಕೋಸು ನೆಲದ ಮೇಲೆಯೇ ಉಬ್ಬಿದ ಕಾಂಡ. ಎಲೆ ಮುರಿದ ಗುರುತುಗಳು ಅದರ ಮೈಮೇಲೆ ಎದ್ದು ಕಾಣುವವು.

ಈರುಳ್ಳಿಯ ವಿಚಾರ ಮತ್ತೂ ವಿಚಿತ್ರ. ಗುಂಡ್ಲುಪೇಟೆಯ ಹೊಲಗಳಲ್ಲಿ ಬೆಳೆಯುವ ಸಣ್ಣ ಸಾಂಬಾರ್ ಈರುಳ್ಳಿಯನ್ನು ನಮ್ಮ ಕಡೆಯ ಕೃಷಿಕರೆಲ್ಲ ಬಲ್ಲರು. ಅದನ್ನು ಉದ್ದಕ್ಕೆ ಸೀಳಿ ನೋಡಿದರೆ ಬುಡದಲ್ಲಿ ಒಂದು ಚಿಕ್ಕ ಬಿಲ್ಲೆ ಕಾಣುವುದು. ಅದಷ್ಟೇ ಕಾಂಡ. ಬಿಲ್ಲೆಯ ಕೆಳಗೆ ಜಡೆಯಂತೆ ಇಳಿದಿರುವುದು ಬೇರು. ಮೇಲೆ ಪದರ ಪದರವಾಗಿ ಇರುವುದು ರಸ ತುಂಬಿದ ಎಲೆಗಳ ಬುಡಗಳು. ನಡುವೆ ಅಡಗಿರುವುದು ಮುಂದೆ ಬೆಳೆಯಬೇಕಾದ ಮೊಗ್ಗು. ಬೆಳ್ಳುಳ್ಳಿಯ ಒಂದೊಂದು ಎಸಳೂ ಒಂದೊಂದು ಉಬ್ಬಿದ ಮೊಗ್ಗು. ನೆಟ್ಟರೆ ಒಂದೊಂದೂ ಒಂದೊಂದು ಗಿಡವಾಗುವುದು. ಒಂದು ಬೆಳ್ಳುಳ್ಳಿಯನ್ನು ಜಜ್ಜಿದೆವೆಂದರೆ ಹತ್ತು ಹನ್ನೆರಡು ಗಿಡಗಳ ಮೊಳಕೆಗಳನ್ನು ಜಜ್ಜಿದಂತಾಯಿತು ಎಂಬುದನ್ನು ಸಸ್ಯಶಾಸ್ತ್ರವೂ ಒಪ್ಪುತ್ತದೆ.

ಇನ್ನು ಕಡಲೆಕಾಯಿ. ಅದರ ಹಳದಿ ಹೂವು ನೆಲದ ಮೇಲೆ, ಎಲೆಯ ಕಂಕುಳಲ್ಲಿ ಅರಳುತ್ತದೆ. ಪರಾಗಸ್ಪರ್ಶವಾಗಿ ಹೂವು ಬಾಡಿದ ಮೇಲೆ ಅಂಡಾಶಯದ ಬುಡವು ಸೂಜಿಯಂತೆ ನೀಳವಾಗಿ ಬೆಳೆದು ಕೆಳಕ್ಕೆ ಬಾಗಿ ಮಣ್ಣನ್ನು ಚುಚ್ಚಿ ಒಳಸೇರುತ್ತದೆ. ಅದರ ತುದಿಯು ಕತ್ತಲೆಯಲ್ಲಿ ಉಬ್ಬಿ ಕಾಯಾಗುತ್ತದೆ. ಬೇರು ಅದರಿಂದ ಬೇರೆಯಾಗಿ ಗಿಡದ ಬುಡದಿಂದಲೇ ಇಳಿದಿರುತ್ತದೆ. ಕಾಯಿಯ ಸಿಪ್ಪೆಯ ಮೇಲೆ ಜಾಲದಂತೆ ಹೆಣೆದ ಸಿರೆಗಳು ಸ್ಪಷ್ಟವಾಗಿ ತೋರುತ್ತವೆ. ಒಳಗೆ ಎರಡು ಬೇಳೆಗಳ ಬೀಜವಿದೆ. ಅಂದಮೇಲೆ ಅದು ಅವರೆ, ತೊಗರಿಗಳ ಬಂಧುವಾದ ಫಲ. ಕಂದವೂ ಅಲ್ಲ, ಮೂಲವೂ ಅಲ್ಲ. ಮೊಮ್ಮಗನು ಅಜ್ಜಿಗೆ ತೋರಿಸಿದುದು ಇದನ್ನೇ.

ಅಂಗಾಂಶಗಳ ಪರಿಚಯ

ಅಂಗಗಳನ್ನು ಗುರುತಿಸಿದ ಮೇಲೆ ಅವುಗಳ ಒಳರಚನೆಯತ್ತ ತಿರುಗೋಣ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು ಬೆಂಡಿನ ತೆಳು ಹಾಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಜೇನುಗೂಡಿನಂತಹ ಕೋಣೆಗಳನ್ನು ಕಂಡು ಅವುಗಳನ್ನು ಜೀವಕೋಶಗಳೆಂದು ಕರೆದನು. ಒಂದೇ ಕೆಲಸಕ್ಕಾಗಿ ಒಟ್ಟುಗೂಡಿದ ಕೋಶಗಳ ಸಮೂಹಕ್ಕೆ ಅಂಗಾಂಶವೆಂದು ಹೆಸರು. ಮನೆಯಲ್ಲಿ ಪ್ರೌಢಶಾಲೆಯ ಮಕ್ಕಳಿದ್ದರೆ ಅವರ ವಿಜ್ಞಾನ ಪುಸ್ತಕದಲ್ಲಿ ಈ ಅಧ್ಯಾಯವನ್ನು ಕಾಣಬಹುದು. ವ್ರತಿಯು ತಿಳಿಯಬೇಕಾದುದು ಮುಖ್ಯವಾಗಿ ನಾಲ್ಕು.

ಮೊದಲನೆಯದು ವರ್ಧನ ಅಂಗಾಂಶ. ಬೇರಿನ ತುದಿ, ಕುಡಿಯ ತುದಿ, ಮೊಗ್ಗು ಇವುಗಳಲ್ಲಿ ಕೋಶಗಳು ಎಡೆಬಿಡದೆ ಒಡೆದು ಎರಡಾಗಿ, ಎರಡು ನಾಲ್ಕಾಗಿ ವೃದ್ಧಿಯಾಗುತ್ತಿರುತ್ತವೆ. ಕತ್ತರಿಸಿದ ತುಂಡಿನಲ್ಲಿ ಇಂತಹ ಮೊಗ್ಗು ಉಳಿದಿದ್ದರೆ ಅದು ಮತ್ತೆ ಚಿಗುರುವುದು.

ಎರಡನೆಯದು ಪೇರೆಂಕೈಮ. ತೆಳುಗೋಡೆಯ ಮೃದು ಕೋಶಗಳಿವು. ಗೆಡ್ಡೆಗಳಲ್ಲಿ ಪಿಷ್ಟವನ್ನು ಕೂಡಿಡುವ ಉಗ್ರಾಣ ಇದೇ. ಇದು ಹೆಚ್ಚಾಗಿದ್ದು ನಾರು ಕಡಿಮೆಯಿದ್ದರೆ ವಸ್ತುವು ಸಮನಾಗಿ ಮುರಿಯುವುದು.

ಮೂರನೆಯದು ವಾಹಕ ಅಂಗಾಂಶ. ಬೇರಿನಿಂದ ನೀರನ್ನು ಮೇಲಕ್ಕೊಯ್ಯುವುದು ಕ್ಸೈಲಂ, ಎಲೆಯಲ್ಲಿ ಸಿದ್ಧವಾದ ಆಹಾರವನ್ನು ಎಲ್ಲೆಡೆಗೆ ಹಂಚುವುದು ಫ್ಲೋಯಂ. ಎಲೆಯ ನರಗಳೆಂದು ನಾವು ಕರೆಯುವುದು ಇವುಗಳ ಕಟ್ಟನ್ನೇ.

ನಾಲ್ಕನೆಯದು ಸ್ಕ್ಲೀರೆಂಕೈಮ. ದಪ್ಪಗೋಡೆಯ ಗಡಸು ಕೋಶಗಳಿವು. ಬಲಿತ ಮೇಲೆ ಇವುಗಳಲ್ಲಿ ಬಹುಪಾಲು ನಿರ್ಜೀವವಾಗಿರುತ್ತವೆ. ಸೆಣಬಿನ ನಾರು, ತೆಂಗಿನ ನಾರು, ಕರಟದ ಗಡಸು ಎಲ್ಲವೂ ಇದರಿಂದಲೇ ಆದವು.

ಈಗ ಆಚಾರ್ಯರ ಲಕ್ಷಣಗಳನ್ನು ಮತ್ತೊಮ್ಮೆ ನೆನೆಯಿರಿ. ಸಿರೆಯು ತೋರುವುದೆಂದರೆ ವಾಹಕ ಅಂಗಾಂಶವು ಬಲಿತಿರುವುದು. ನಾರಿನ ಎಳೆ ಉಳಿಯುವುದೆಂದರೆ ಗಡಸು ಅಂಗಾಂಶವು ಬೆಳೆದಿರುವುದು. ಸಮನಾಗಿ ಮುರಿಯುವುದೆಂದರೆ ಮೃದು ಅಂಗಾಂಶವೇ ತುಂಬಿರುವುದು. ಕತ್ತರಿಸಿದರೂ ಬೆಳೆಯುವುದೆಂದರೆ ವರ್ಧನ ಅಂಗಾಂಶವು ಜಾಗೃತವಾಗಿರುವುದು. ಯಾವ ಉಪಕರಣವೂ ಇಲ್ಲದ ಕಾಲದಲ್ಲಿ ಕೈಬೆರಳುಗಳಿಂದಲೇ ಸಸ್ಯದ ಒಳರಚನೆಯನ್ನು ಓದುವ ಕ್ರಮವನ್ನು ನಮ್ಮ ಹಿರಿಯರು ಕಲಿಸಿದ್ದರೆಂಬುದು ಇದರಿಂದ ವಿಶದವಾಗುವುದು.

ಈಳಿಗೆಮಣೆಯ ಮುಂದಿನ ಪರೀಕ್ಷೆ

ಶ್ರಾವಿಕೆಯರು ಇದನ್ನು ದಿನವೂ ಮಾಡುತ್ತಲೇ ಇದ್ದಾರೆ. ಸಂತೆಯಲ್ಲಿ ಬೆಂಡೆಕಾಯಿಯ ತುದಿಯನ್ನು ಮುರಿದು ನೋಡುವರು. ಚಟಕ್ಕನೆ ಸಮನಾಗಿ ಮುರಿದರೆ ಎಳೆಯದು. ಬಾಗಿ, ನಾರು ಬಿಟ್ಟರೆ ಬಲಿತದ್ದು. ಅವರೆಕಾಯಿಯ ಅಂಚಿನ ನಾರನ್ನು ಸುಲಿಯುವಾಗಲೂ ಇದೇ ತಿಳಿವು. ಬಾಳೆದಿಂಡನ್ನು ಬಿಲ್ಲೆಯಾಗಿ ಹೆಚ್ಚುವಾಗ ಬಿಳಿಯ ಎಳೆಗಳನ್ನು ಬೆರಳಿಗೆ ಸುತ್ತಿ ತೆಗೆಯುವರಷ್ಟೆ; ಅವು ನೀರನ್ನು ಸಾಗಿಸುವ ನಾಳಗಳಿಗೆ ಸೇರಿದ ಎಳೆಗಳು. ಬಾಳೆಯ ಹೊರಗಿನ ದಪ್ಪ ಬೊಡ್ಡೆಯು ನಿಜವಾಗಿ ಎಲೆಯ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡು ಆದುದು. ನಿಜವಾದ ಕಾಂಡವು ನೆಲದೊಳಗಿದ್ದು, ಗೊನೆ ಬಿಡುವ ಕಾಲಕ್ಕೆ ನಡುವಿನಿಂದ ಮೇಲೇರುವ ದಿಂಡು ಅದರ ಮುಂದುವರಿಕೆ.

ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಸಿಗುವ ಮಾಕಳಿ ಬೇರು ಮತ್ತೊಂದು ನಿದರ್ಶನ. ನಮ್ಮ ಸೀಮೆಯಲ್ಲಿ ಇದರ ಉಪ್ಪಿನಕಾಯಿಗೆ ಹೆಸರಿದೆ. ಇದು ಹೆಸರಿನಂತೆಯೇ ನಿಜವಾದ ಬೇರು. ಹೊರಗಿನ ಮೃದುವಾದ ಭಾಗವನ್ನು ಬಿಡಿಸಿಕೊಂಡು ನಡುವಿನ ಕಡ್ಡಿಯನ್ನು ಎಸೆಯುವರು. ಆ ಕಡ್ಡಿಯೇ ಗಡಸಾದ ಕ್ಸೈಲಂ. ಕಾಡಿನದು, ಔಷಧಿಯ ಪರಿಮಳದ್ದು ಎಂಬ ಕಾರಣಕ್ಕೆ ಅದು ಮೂಲವಲ್ಲದೆ ಹೋಗುವುದಿಲ್ಲ. ಕಂದಮೂಲ ತ್ಯಾಗದ ನಿಯಮವುಳ್ಳವರು ಇದನ್ನು ಮರೆಯಬಾರದು.

ಕಬ್ಬು, ಬಿದಿರುಗಳು ಗೆಣ್ಣಿನಿಂದ ಹುಟ್ಟುವ ಪರ್ವಬೀಜಗಳೆಂದು ಶಾಸ್ತ್ರವು ಹೇಳುತ್ತದೆ. ಕಣ್ಣುಳ್ಳ ತುಂಡನ್ನು ನೆಟ್ಟು ಕಬ್ಬು ಬೆಳೆಯುವ ರೈತನು ಇದನ್ನು ಬಲ್ಲನು. ಬೇರು, ತುದಿ, ಗೆಣ್ಣು, ಕಂದ, ಕಾಂಡ, ಬೀಜ ಎಂದು ಹುಟ್ಟುವ ಬಗೆಯಿಂದ ಸಸ್ಯಗಳನ್ನು ವಿಂಗಡಿಸಿದ ಕ್ರಮದಲ್ಲಿ ಶುಂಠಿ, ಅರಿಶಿನಗಳನ್ನು ಮೂಲಬೀಜಗಳೆಂದು ಎಣಿಸಿರುವುದುಂಟು. ಇಂದಿನ ಸಸ್ಯಶಾಸ್ತ್ರವು ಅವುಗಳನ್ನು ಕಾಂಡವೆನ್ನುವುದು. ಇದರಲ್ಲಿ ವಿರೋಧವನ್ನು ಕಾಣಬೇಕಾಗಿಲ್ಲ. ಶಾಸ್ತ್ರವು ಯಾವ ಭಾಗವನ್ನು ನೆಟ್ಟರೆ ಸಸ್ಯವು ಹುಟ್ಟುವುದೆಂದು ನೋಡಿ ಹೆಸರಿಟ್ಟಿತು; ವಿಜ್ಞಾನವು ಗೆಣ್ಣು, ಮೊಗ್ಗುಗಳನ್ನು ನೋಡಿ ಹೆಸರಿಟ್ಟಿತು.

ಅರಿಶಿನದ ಪ್ರಶ್ನೆ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಅರಿಶಿನವು ನಮ್ಮ ಮುಖ್ಯ ಬೆಳೆಗಳಲ್ಲೊಂದು. “ಅದು ನೆಲದೊಳಗಿನ ಕಂದವಾದರೆ, ಕಂದಮೂಲ ತ್ಯಾಗಿಗಳು ಸಾರಿಗೆ ಅರಿಶಿನಪುಡಿ ಹಾಕುವುದೆಂತು?”

ಇದಕ್ಕೆ ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಫಲವು ಅಲ್ಪವಾಗಿ ಘಾತವು ಬಹುವಾಗಿರುವ ವಸ್ತುಗಳನ್ನು ಬಿಡಬೇಕೆಂದು ಹೇಳುವಾಗ ಮೂಲಂಗಿಯ ಜೊತೆಗೆ ಶುಂಠಿಯನ್ನು ಹೆಸರಿಸಿ, ಅದಕ್ಕೆ ‘ಆರ್ದ್ರ’ ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ಆರ್ದ್ರವೆಂದರೆ ಹಸಿಯಾದುದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೇದಗೆ ಮೊದಲಾದ ಹೂಗಳನ್ನೂ ಶುಂಠಿ, ಮೂಲಂಗಿ ಮೊದಲಾದವನ್ನೂ ಅನೇಕ ಜಂತುಗಳ ಯೋನಿಸ್ಥಾನಗಳೆಂದು, ಅನಂತಕಾಯವೆಂಬ ಹೆಸರಿಗೆ ತಕ್ಕವೆಂದು ಹೇಳಿ ಅದೇ ಕಾರಣವನ್ನೇ ಕೊಟ್ಟಿದ್ದಾರೆ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯನ್ನು ಪೂಜ್ಯಪಾದರ ತಪೋಭೂಮಿಯೆಂದು ನಮ್ಮ ಪರಂಪರೆಯು ಪೂಜಿಸುತ್ತ ಬಂದಿದೆ. ಅರಿಶಿನ, ಶುಂಠಿಗಳು ಬೆಳೆಯುವ ಈ ಸೀಮೆಯ ಶ್ರಾವಕರಿಗೆ ಆ ಮಾತು ಮನೆಯ ಹಿರಿಯರ ಮಾತಿನಂತೆಯೇ ಇದೆ.

ಅರಿಶಿನದ ತಾಯಿಗೆಡ್ಡೆಯನ್ನಾಗಲಿ ಕೊಂಬನ್ನಾಗಲಿ ಹಸಿಯಾಗಿ ಮುರಿದು ಮಣ್ಣಿಗಿಟ್ಟರೆ ಮೊಳೆಯುವುದು. ಎಂಟು ಒಂಬತ್ತು ತಿಂಗಳು ಬೆಳೆದ ಮೇಲೆ ಅದನ್ನು ಅಗೆದು, ಬೇಯಿಸಿ, ಅನೇಕ ದಿನ ಬಿಸಿಲಲ್ಲಿ ಒಣಗಿಸಿ, ಉಜ್ಜಿ ಹೊಳಪು ಕೊಡುವರು. ಬೆಂದ ಕೊಂಬು ಎಂದಿಗೂ ಮೊಳೆಯದು. ಅದರ ವರ್ಧನ ಅಂಗಾಂಶವು ಉಳಿದಿಲ್ಲ. ಒಣಗಿದುದು, ಬೆಂದುದು, ಯಂತ್ರದಿಂದ ಪುಡಿಯಾದುದು ಪ್ರಾಸುಕವೆಂಬ ಮಾತಿನಂತೆ ಒಣ ಅರಿಶಿನವೂ ಒಣಶುಂಠಿಯೂ ನಮ್ಮ ಮನೆಗಳಲ್ಲಿ ಬಳಕೆಯಲ್ಲಿವೆ.

“ಹಾಗಾದರೆ ಆಲೂಗೆಡ್ಡೆಯನ್ನೂ ಬೇಯಿಸಿ ಒಣಗಿಸಿ ತಿನ್ನಬಹುದಲ್ಲವೇ?” ಎಂದು ಯುವಕರು ಕೇಳುವರು. ಪ್ರಶ್ನೆಯು ನ್ಯಾಯವಾದುದು; ಗದರಿಸಿ ಬಾಯಿ ಮುಚ್ಚಿಸಬಾರದು. ಬೇಯಿಸಿದರೆ ತಟ್ಟೆಯಲ್ಲಿರುವ ವಸ್ತುವು ಅಚಿತ್ತವಾಗುವುದು ನಿಜ. ಆದರೆ ಬೇಯಿಸುವಾಗ ಆದ ಘಾತವು ಇಲ್ಲವಾಗುವುದಿಲ್ಲ. ಆಚಾರ್ಯರು ತೂಗಿ ನೋಡಿದುದು ಘಾತವನ್ನೂ ಫಲವನ್ನೂ. ಔಷಧಿಯಂತೆ ಚಿಟಿಕೆಯಷ್ಟು ಬಳಸುವ ಒಣ ಅರಿಶಿನವನ್ನೂ, ಬಾಯಿಯ ಚಪಲಕ್ಕಾಗಿ ಸೇರುಗಟ್ಟಲೆ ಹೆಚ್ಚಿ ಕರಿಯುವ ಗೆಡ್ಡೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಅಂತೆಯೇ ಚಿಟಿಕೆ ಅರಿಶಿನವು ಸಂಪೂರ್ಣ ನಿರ್ದೋಷವೆಂದು ಹೆಮ್ಮೆಪಡುವುದೂ ಸಲ್ಲದು. ಉಪವಾಸ, ಏಕಾಶನಗಳ ದಿನಗಳಲ್ಲಿ ಅದನ್ನೂ ಬಿಡುವವರು ಧನ್ಯರು.

ಅರಿಶಿನ, ಈರುಳ್ಳಿಗಳನ್ನು ಬೆಳೆದೇ ಬದುಕುವ ಕೃಷಿಕ ಶ್ರಾವಕರ ಮನಸ್ಸಿನಲ್ಲಿ ಅಳುಕಿರುವುದು ಸಹಜ. ಗೃಹಸ್ಥನು ಮೊದಲು ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು. ಜೀವನೋಪಾಯಕ್ಕಾಗಿ ಆಗುವ ಉದ್ಯೋಗೀ ಹಿಂಸೆಯನ್ನು ಯತ್ನಾಚಾರದಿಂದ ತಗ್ಗಿಸುತ್ತ ಹೋಗಬೇಕು. ಅಳುಕು ಇರುವುದೇ ಒಳ್ಳೆಯದು. ಅದು ದಯೆಯ ಬೇರು.

ಹೂವು ಮತ್ತು ಉದುಂಬರ ಫಲಗಳು

ಗುಂಡ್ಲುಪೇಟೆಯಿಂದ ಊಟಿಯ ದಾರಿಯಲ್ಲಿ ಹೋಗುವವರು ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳನ್ನು ಕಂಡಿರುವರು. ನಾವು ಒಂದು ಹೂವೆನ್ನುವ ಸೂರ್ಯಕಾಂತಿಯು ನಿಜವಾಗಿ ನೂರಾರು ಕಿರುಹೂಗಳ ಸಭೆ, ಚೆಂಡುಹೂವೂ ಹಾಗೆಯೇ. ಹೂಕೋಸು ಇನ್ನೂ ಅರಳದ ಎಳೆಯ ಹೂಗೊಂಚಲು. ಇಂತಹ ಇಕ್ಕಟ್ಟಾದ ಸಂದುಗಳು ಸಣ್ಣ ತ್ರಸಜೀವಿಗಳಿಗೆ ಆಶ್ರಯವಾಗುವವು. ಹೂಗಳ ವಿಷಯದಲ್ಲಿ ಆಚಾರ್ಯರು ಏಕೆ ಎಚ್ಚರಿಸಿದರೆಂಬುದು ಇದರಿಂದ ತಿಳಿಯುವುದು.

ಅತ್ತಿ, ಆಲ, ಅರಳಿ ಮೊದಲಾದ ಪಂಚೋದುಂಬರಗಳ ತ್ಯಾಗವು ಅಷ್ಟಮೂಲಗುಣಗಳಲ್ಲಿ ಸೇರಿದೆ. ಅತ್ತಿಯ ಹಣ್ಣೆಂದು ನಾವು ಕರೆಯುವುದು ಒಳಮುಖವಾಗಿ ಮಡಿಚಿಕೊಂಡ ಹೂಗೊಂಚಲು. ಹೂಗಳೆಲ್ಲ ಅದರ ಒಳಗೋಡೆಯ ಮೇಲಿವೆ. ತುದಿಯ ಕಿರುರಂಧ್ರದಿಂದ ಸಣ್ಣ ಕಣಜಗಳು ಒಳಹೊಕ್ಕು, ಪರಾಗಸ್ಪರ್ಶ ಮಾಡಿ, ಅಲ್ಲಿಯೇ ಮೊಟ್ಟೆಯಿಟ್ಟು ಮರಿಮಾಡುವವು. ಅತ್ತಿಯನ್ನು ಬಿಡಿಸಿದಾಗ ಹಾರುವ ಹುಳುಗಳು ಎಲ್ಲಿಂದಲೋ ಬಂದು ಸೇರಿದವಲ್ಲ. ಅದು ಅವುಗಳ ಹುಟ್ಟುಮನೆ.

ಒಂದು ಎಚ್ಚರಿಕೆ

ಇಷ್ಟನ್ನು ಓದಿದ ಮೇಲೆ ‘ನಿಗೋದ ಜೀವವೆಂದರೆ ಜೀವಕೋಶವೇ, ವಿಜ್ಞಾನವು ನಮ್ಮ ಶಾಸ್ತ್ರವನ್ನು ಸಾಧಿಸಿಕೊಟ್ಟಿತು’ ಎಂದು ಯಾರೂ ಸಾರಬಾರದು. ಕೋಶವು ಸೂಕ್ಷ್ಮದರ್ಶಕಕ್ಕೆ ಕಾಣುವ ಪುದ್ಗಲ ರಚನೆ. ಜೀವವು ಯಾವ ಮಸೂರಕ್ಕೂ ಗೋಚರಿಸುವ ವಸ್ತುವಲ್ಲ. ಕೈಯಲ್ಲಿರುವುದು ಸಸ್ಯದ ಯಾವ ಭಾಗವೆಂಬುದನ್ನು ಸಸ್ಯಶಾಸ್ತ್ರವು ಹೇಳಬಲ್ಲದು. ಅದನ್ನು ಬಿಡಬೇಕೇ ಬೇಡವೇ ಎಂಬುದನ್ನು ಹೇಳುವುದು ಶಾಸ್ತ್ರ, ಗುರುವಚನ ಮತ್ತು ನಮ್ಮ ದಯೆ. ಒಂದೇ ಲಕ್ಷಣವನ್ನು ಹಿಡಿದು ಮತ್ತೊಬ್ಬರ ತಟ್ಟೆಯ ಮೇಲೆ ತೀರ್ಪು ಕೊಡುವುದೂ ಸಲ್ಲದು. ಸಂದೇಹ ಬಂದಲ್ಲಿ ತ್ಯಾಗಿಗಳನ್ನೋ ಭಟ್ಟಾರಕರನ್ನೋ ಕೇಳಿ ತಿಳಿಯಬೇಕು. ಐದನೆಯ ಪ್ರತಿಮೆಯಾದ ಸಚಿತ್ತತ್ಯಾಗವನ್ನು ವಿವರಿಸುವಾಗ ಸಮಂತಭದ್ರರು ಬೇರು, ಹಣ್ಣು, ಸೊಪ್ಪು, ಕೊಂಬೆ, ಕಳಲೆ, ಕಂದ, ಹೂ, ಬೀಜಗಳನ್ನು ಹಸಿಯಾಗಿ ತಿನ್ನದವನನ್ನು ದಯಾಮೂರ್ತಿಯೆಂದು ಕರೆದಿದ್ದಾರೆ. ಎಂಟು ಸಸ್ಯಾಂಗಗಳನ್ನು ಹೆಸರಿಸಿ ಅವರು ಕೊಟ್ಟ ಬಿರುದು ದಯೆಯದು.

ಆ ಮನೆಯ ಜಗಲಿಗೆ ಮರಳೋಣ. ಮೊಮ್ಮಗನ ಪಾಠವನ್ನು ಕೇಳಿದ ಅಜ್ಜಿಯವರು ಮರುದಿನ ಸ್ವಾಧ್ಯಾಯದ ಗ್ರಂಥವನ್ನು ತರಿಸಿ ಓದಿಸಿದರು. ಬಳಿಕ ಸೊಸೆಯನ್ನು ಕರೆದು, “ತಿನ್ನಮ್ಮ. ನನ್ನ ತಿಳಿವಳಿಕೆ ತಪ್ಪಿದ್ದಕ್ಕೆ ನೀನು ಉಪವಾಸ ಇರಬಾರದು” ಎಂದರು. ತಮ್ಮ ಮಟ್ಟಿಗೆ ಕಡಲೆಕಾಯಿಯ ತ್ಯಾಗವನ್ನು ಮುಂದುವರಿಸಿದರು. ಆದರೆ ಗೆಡ್ಡೆಯೆಂದಲ್ಲ, ತಮಗೆ ಪ್ರಿಯವಾದ ಒಂದು ರುಚಿಯನ್ನು ಬಿಟ್ಟ ನಿಯಮವೆಂದು. ಹಾಗೆ ಓದಿಸುತ್ತಿದ್ದಾಗಲೇ ಅವರಿಗೆ ಮತ್ತೊಂದು ಅರಿವಾಯಿತು. ಇಷ್ಟು ವರ್ಷ ಅಷ್ಟಮಿ, ಚತುರ್ದಶಿಗಳಂದೂ ಕೆಮ್ಮಿಗೆಂದು ಕಷಾಯದಲ್ಲಿ ಹಸಿಶುಂಠಿಯನ್ನು ಜಜ್ಜಿ ಕುಡಿಯುತ್ತಿದ್ದರು. ಗ್ರಂಥವು ಹೆಸರು ಹಿಡಿದು ಬೇಡವೆಂದುದನ್ನು ತಾವೇ ಬಳಸುತ್ತ, ಎಲ್ಲಿಯೂ ಹೇಳದುದನ್ನು ಬಾಣಂತಿಗೆ ತಡೆದಿದ್ದರು. ಅಂದಿನಿಂದ ಅವರ ಡಬ್ಬಿಯಲ್ಲಿ ಒಣಶುಂಠಿ ಬಂದಿತು. ಮನೆಯಲ್ಲಿ ಮಾತೂ ಮರಳಿತು.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸಮಯ್ಯನು 1117ರಲ್ಲಿ ಕಟ್ಟಿಸಿದ ಚಾಮರಾಜನಗರದ ವಿಜಯ ಪಾರ್ಶ್ವನಾಥ ಬಸದಿಯ ಮುಂದೆ ಒಂಬತ್ತು ಶತಮಾನಗಳಿಂದ ಶ್ರಾವಕರು ನಿಯಮಗಳನ್ನು ಸ್ವೀಕರಿಸುತ್ತ ಬಂದಿದ್ದಾರೆ. ಈ ಪರ್ವದಲ್ಲಿ ನಾವು ಕೈಮುಗಿದು ನಿಯಮವನ್ನು ಬೇಡುವಾಗ, ಬಿಡುವ ವಸ್ತುವು ಯಾವುದೆಂದು ಅರಿತೇ ಬಿಡೋಣ.

ಸ್ವಾಧ್ಯಾಯಕ್ಕಾಗಿ ಪ್ರಶ್ನೆಗಳು

1. ಕಾಂ­ಡವನ್ನು ಬೇರಿನಿಂದ ಬೇರ್ಪಡಿಸಿ ಗುರುತಿಸುವ ಚಿಹ್ನೆಗಳಾವುವು? ಆಲೂಗೆಡ್ಡೆ, ಸಿಹಿಗೆಣಸುಗಳಲ್ಲಿ ಅವನ್ನು ಹುಡುಕಿ.
2. ಈರುಳ್ಳಿಯಲ್ಲಿ ಕಾಂಡ, ಎಲೆ, ಬೇರುಗಳು ಎಲ್ಲೆಲ್ಲಿವೆ?
3. ಸಿರೆ, ನಾರು, ಸಮಭಂಗ, ಮರುಚಿಗುರು ಈ ನಾಲ್ಕು ಲಕ್ಷಣಗಳಿಗೆ ಹೊಂದುವ ಅಂಗಾಂಶಗಳನ್ನು ಹೆಸರಿಸಿ.
4. ಸಮಂತಭದ್ರಾಚಾರ್ಯರು ಶುಂಠಿಗೆ ‘ಆರ್ದ್ರ’ ಎಂಬ ವಿಶೇಷಣವನ್ನು ಸೇರಿಸಿದುದರ ಅಭಿಪ್ರಾಯವೇನು?
5. ನಿಮ್ಮ ಮನೆಯಲ್ಲಿ ಕಾರಣವನ್ನು ಅರಿಯದೆ ಪಾಲಿಸುತ್ತಿರುವ ಒಂದು ನಿಯಮವನ್ನು ಆರಿಸಿಕೊಂಡು, ಅದರ ಆಧಾರವನ್ನು ಹಿರಿಯರಲ್ಲಿ ಕೇಳಿ ಬರೆಯಿರಿ.

ಜಯ ಜಿನೇಂದ್ರ.